ಕಾಗದದ ನೀಲಕಂಠ: ರೆಕ್ಕೆಯ ಗರಿ ಜೋಲುತ್ತಿದೆ, ಏನು ಮಾಡಲಿ?

ಹಾಳೆಹಕ್ಕಿ:
ನಿಜಗಾತ್ರದ ನೀಲಕಂಠ ಹಕ್ಕಿಯ ಮಾದರಿ, ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 26 ಸೆಂ.ಮೀ., ರೆಕ್ಕೆ ಬಿಚ್ಚಿದ ಭಂಗಿ. ಮೈಗೆ ಥರ್ಮಕೋಲ್, ಗರಿಗೆ 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ ತೂಗುವ) ಹಾಳೆ. ಎರಡು ದಿನ ಜಡಿಮಳೆ ಹಿಡಿದರೆ ಸಾಕು, ರೆಕ್ಕೆಯ ಉದ್ದ ಗರಿಗಳು ತುದಿಯಲ್ಲಿ ಜೋಲುತ್ತವೆ. ಸಣ್ಣ ಗರಿಗಳ ಬುಡದಲ್ಲಿ ಅಂಟು ಒಣಗಿದ ಮೇಲೆ ಸುಕ್ಕು ಬೇರೆ. 180 ಜಿಎಸ್‌ಎಂಗೆ ಹೋಗಲೇ, ಅಥವಾ ವಾರ್ನಿಷ್ ಸ್ಪ್ರೇ ಹೊಡೆದರೆ ಸಾಕೇ?

ಕತ್ತರಿ_ಕೆಲಸ:
ದಪ್ಪ ಹಾಳೆ ಬೇಡ, ಗರಿ ರಟ್ಟಿನಂತೆ ಕಾಣುತ್ತದೆ. ಮೊದಲು ನಾರಿನ ದಿಕ್ಕು ನೋಡಿ, ಅಂದರೆ ಹಾಳೆಯೊಳಗಿನ ನಾರುಗಳು ಬಹುಪಾಲು ಯಾವ ಕಡೆಗೆ ಮಲಗಿವೆ ಎಂದು. ಅದೇ ಹಾಳೆಯಿಂದ 10 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಎರಡನ್ನೂ ಒಂದು ತುದಿಯಲ್ಲಿ ಜೋಡಿಸಿ ಹಿಡಿದಾಗ ಹೆಚ್ಚು ಬಾಗುವುದು ಅಡ್ಡನಾರಿನದು, ಅಂದರೆ ನಾರಿಗೆ ಅಡ್ಡವಾಗಿ ಕತ್ತರಿಸಿದ್ದು. ಗರಿಯ ನಡುದಂಟು ನಾರಿನ ಉದ್ದಕ್ಕೇ ಇರಬೇಕು. ಆಗ ಉದ್ದದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಅಗಲದಲ್ಲಿ ಸುಲಭವಾಗಿ ಡೊಂಕಾಗುತ್ತದೆ. ನಮಗೆ ಬೇಕಾದದ್ದೂ ಅದೇ.

ದಂಟಿನ ಗೆರೆಯನ್ನು ಇಂಕು ಮುಗಿದ ಬಾಲ್‌ಪೆನ್ನಿನಿಂದ ಹಿಂಬದಿಯಲ್ಲಿ ಒತ್ತಿ. ಪ್ರತಿ ರೆಕ್ಕೆಯ ಹೊರಗಿನ 10 ದೊಡ್ಡ ಗರಿಗಳಿಗೆ ಕೆಳಗಡೆ ಬಿದಿರಿನ ಸೀಳು ಅಂಟಿಸಿ: ಬುಡದಲ್ಲಿ 1 ಮಿ.ಮೀ., ತುದಿಯತ್ತ ಹೆರೆದು ತೆಳುವಾಗಿಸಿ. ಕಬ್ಬಿಣದ ತಂತಿ ಹಾಕಿದರೆ ಒದ್ದೆ ಹವೆಗೆ ತುಕ್ಕು ಹಿಡಿದು ಹಾಳೆಗೆ ಕಂದು ಕಲೆ ಇಳಿಯುತ್ತದೆ. ಇನ್ನೊಂದು ಮಾತು, ಈ ಗರಿಗಳಲ್ಲಿ ದಂಟು ನಟ್ಟನಡುವೆ ಬರುವುದಿಲ್ಲ, ಹೊರಗಿನ ಮಗ್ಗುಲು ಕಿರಿದು. ಎರಡೂ ಕಡೆ ಸಮ ಮಾಡಿದರೆ ಎಲೆಯಂತೆ ಕಾಣುತ್ತದೆ.

ಮೈದಾಗೋಂದು:
ಸುಕ್ಕಿಗೆ ಕಾರಣ ಅಂಟಿನ ನೀರು. ಫೆವಿಕಾಲಿಗೆ ನೀರು ಬೆರೆಸಬೇಡಿ. ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಬುಡದ 3–4 ಮಿ.ಮೀ.ಗೆ ಮಾತ್ರ ಸವರಿ. ಮೈದಾ ಗೋಂದು ಅಗ್ಗ ನಿಜ (ನನ್ನ ಹೆಸರೇ ಅದು), ಆದರೆ ಇದಕ್ಕೆ ಬೇಡ, ಬೆಳ್ಳಿಹುಳ ತಿನ್ನಲು ಬರುತ್ತದೆ. ಹೆಂಚು ಹೊದಿಸಿದ ಹಾಗೆ ಬಾಲದಿಂದ ತಲೆಯ ಕಡೆಗೆ ಅಂಟಿಸುತ್ತ ಬನ್ನಿ.

ಸ್ಪ್ರೇ ವಿಷಯದಲ್ಲಿ ಜೋಪಾನ! ಡಬ್ಬಿಯ ದ್ರಾವಕಕ್ಕೆ ಥರ್ಮಕೋಲ್ ಕರಗಿ ಗುಳಿ ಬೀಳುತ್ತದೆ. ಗರಿಗಳಿಗೆ ಬಿಡಿಯಾಗಿರುವಾಗಲೇ ಎರಡೂ ಬದಿಗೆ ತೆಳುವಾಗಿ ಹೊಡೆದು, ಪೂರ್ತಿ ಒಣಗಿಸಿ, ಆಮೇಲೆ ಅಂಟಿಸಿ. ಒಂದೇ ಬದಿಗೆ ಹೊಡೆದರೆ ಸುರುಳಿಯಾಗುತ್ತದೆ. ಎಷ್ಟು ಹೊಡೆದರೂ ತೇವ ತಡವಾಗಿ ಒಳಹೋಗುತ್ತದೆ ಅಷ್ಟೇ, ನಿಲ್ಲುವುದಿಲ್ಲ.

ನೀಲಿಬಣ್ಣ:
ಆ ಹಕ್ಕಿಯ ನೀಲಿ ಬಣ್ಣದ್ರವ್ಯದ್ದಲ್ಲ, ಗರಿಯ ಒಳರಚನೆ ಬೆಳಕನ್ನು ಚದುರಿಸಿ ಹುಟ್ಟುವಂಥದ್ದು. ನಮಗೆ ಆ ಭಾಗ್ಯವಿಲ್ಲ. ಅಂಗಡಿಯ ಬಣ್ಣದ ಹಾಳೆ ಬಹುಪಾಲು ಬಿಸಿಲಿಗೆ ಮಾಸುತ್ತದೆ. ಬಿಳಿ ಹಾಳೆಗೆ ಥ್ಯಾಲೊ ನೀಲಿ, ಅಲ್ಟ್ರಾಮರೀನ್ ಜಲವರ್ಣ ಹಚ್ಚಿ, ಒಣಗಿದ ಮೇಲೆ ಕತ್ತರಿಸಿ. ಅಂಚಿನ ಸೀಳುಗಳನ್ನು ಬುಡದತ್ತ ಓರೆಯಾಗಿ, ಮಿಲಿಮೀಟರಿಗೊಂದರಂತೆ ಕೊಡಿ. ದಂಟಿಗೆ 2 ಮಿ.ಮೀ. ಇರುವಾಗಲೇ ನಿಲ್ಲಿಸಿ.

ಹಾಳೆಹಕ್ಕಿ:
ಪಟ್ಟಿ ಹಿಡಿದು ನೋಡಿದೆ, ಉದ್ದ ಗರಿಗಳೆಲ್ಲ ಅಡ್ಡನಾರಿಗೇ ಕತ್ತರಿಸಿವೆ. ಎದೆಯ ಸಣ್ಣ ಗರಿಗಳನ್ನೂ ಕಿತ್ತು ಬದಲಿಸಬೇಕೇ?

ಕತ್ತರಿ_ಕೆಲಸ:
ಬೇಡ. 2 ಸೆಂ.ಮೀ.ಗಿಂತ ಚಿಕ್ಕವು ಜೋಲುವಷ್ಟು ಉದ್ದವಿಲ್ಲ. ರೆಕ್ಕೆಯ ಉದ್ದ ಗರಿಗಳನ್ನು ಮತ್ತು ಬಾಲದ 12 ಗರಿಗಳನ್ನು ಮಾತ್ರ ಹೊಸದಾಗಿ ಕತ್ತರಿಸಿ.