ಗಿಲ್ಟಿ ಗಿಯರ್ ಸ್ಟ್ರೈವ್: ಟೆಕ್ಕನ್ ಬಿಟ್ಟು ಬರೋರಿಗೆ ಎಲ್ಲಿ ಸಲೀಸು, ಎಲ್ಲಿ ಕಷ್ಟ?

ಸೈಡ್‌ಸ್ಟೆಪ್:
ಹೊಡೆದಾಟದ ವಿಡಿಯೋ ಗೇಮ್‌ಗಳಲ್ಲಿ ಟೆಕ್ಕನ್ ಚೆನ್ನಾಗಿ ಗೊತ್ತು, 2ಡಿ ಅಂದ್ರೆ ಸ್ಟ್ರೀಟ್ ಫೈಟರ್ ಅಲ್ಪಸ್ವಲ್ಪ. ಈಗ ಸ್ಟ್ರೈವ್ ತಗೊಳ್ಳೋ ಯೋಚನೆ ಇದೆ. ಅನಿಮೆ ಫೈಟರ್‌ನಲ್ಲಿ ಒಂದು ಏಟು ಬಿದ್ರೆ ಆಮೇಲೆ ಕೈಕಟ್ಟಿ ಕೂತು ಎದುರಾಳಿಯ ಕಾಂಬೋ (ಒಂದರ ಹಿಂದೊಂದು ಏಟಿನ ಸರಣಿ) ನೋಡ್ತಾ ಇರ್ಬೇಕು ಅಂತಾರಲ್ಲ, ಇದ್ರಲ್ಲೂ ಹಾಗೇನಾ? ಪಿಸಿ, ಸಾಮಾನ್ಯ ಪ್ಯಾಡ್, ಬೆಂಗಳೂರಿನ ಇಂಟರ್ನೆಟ್. ಒಬ್ಬನೇ ಆಡೋಕೆ ಎಷ್ಟು ಸರಕಿದೆ? ಹೊಗಳಿಕೆ ಎಲ್ಲ ಕಡೆ ಸಿಗುತ್ತೆ, ದಯವಿಟ್ಟು ಕೊರತೆಗಳನ್ನೂ ಬಿಡಿಸಿ ಹೇಳಿ. ಶುರುವಿಗೆ ಕೈ ಕಿಸ್ಕೆ ಅನ್ನೋ ಪಾತ್ರ ತಗೋ ಅಂತ ಸುಮಾರು ಜನ ಹೇಳಿದ್ದಾರೆ.

ಫ್ರೇಮ್‌ಲೆಕ್ಕ:
ಕಾಂಬೋ ಉದ್ದದ ಭಯ ಬೇಡ. ಹಳೇ ಗಿಲ್ಟಿ ಗಿಯರ್‌ಗಳಲ್ಲಿ ಪಿ (ಪಂಚ್), ಕೆ (ಕಿಕ್), ಎಸ್ (ಸ್ಲ್ಯಾಶ್), ಎಚ್‌ಎಸ್ (ಹೆವಿ ಸ್ಲ್ಯಾಶ್) ಅಂತ ಸಣ್ಣ ಏಟಿನಿಂದ ದೊಡ್ಡ ಏಟಿಗೆ ಸರಸರ ಹತ್ತಬಹುದಿತ್ತು. ಸ್ಟ್ರೈವ್‌ನಲ್ಲಿ ಆ ಮೆಟ್ಟಿಲು ಕಿತ್ತುಹಾಕಿದ್ದಾರೆ. ಪಿ, ಕೆ ಹೊಡೆದರೆ ಅಲ್ಲಿಂದ ಎಸ್‌ಗೆ ದಾರಿ ಇಲ್ಲ. ದೊಡ್ಡ ಡ್ಯಾಮೇಜ್ ಬೇಕಾದರೆ ಹತ್ತಿರ ಹೋಗಿ ಎಸ್ ತಗುಲಿಸಲೇಬೇಕು. ಒಂದೇ ಬಟನ್, ಆದರೆ ಮೈಗೆ ಮೈ ತಾಗುವಷ್ಟು ಹತ್ತಿರ ಇದ್ದಾಗ ಬರೋ ಎಸ್ ಬೇರೆ, ದೂರದಲ್ಲಿ ಬರೋ ಎಸ್ ಬೇರೆ. ಹತ್ತಿರದ್ದು ಬೇಕಿದ್ದಾಗ ದೂರದ್ದು ಬಂದ್ರೆ ಡ್ಯಾಮೇಜ್ ಗಣನೀಯವಾಗಿ ಇಳಿಯುತ್ತೆ. ಹೊಸಬರ ಕಾಂಬೋ ಬಹುಪಾಲು ಒಡೆಯೋದು ಇಲ್ಲೇ.

ಇದರ ಇನ್ನೊಂದು ಮುಖ: ಏಟುಗಳು ಕಡಿಮೆ, ಒಂದೊಂದೂ ಭಾರ. ನಾಲ್ಕೈದು ಸಲ ಸಿಕ್ಕಿಬಿದ್ದರೆ ರೌಂಡ್ ಮುಗೀತು. ಟೆಕ್ಕನ್‌ನಿಂದ ಬರೋರು ಬ್ಲಾಕ್ ಮಾಡಿ (ಏಟು ತಡೆದು) ಪನಿಶ್ ಮಾಡೋಣ (ಅವನು ಸುಧಾರಿಸಿಕೊಳ್ಳೋ ಮೊದಲೇ ತಿರುಗಿ ಹೊಡೆಯೋಣ) ಅಂತ ಕೂರ್ತಾರೆ. ಇಲ್ಲಿ ರಿಸ್ಕ್ ಗೇಜ್ ಅಂತ ಇದೆ, ಬ್ಲಾಕ್ ಮಾಡಿದಷ್ಟೂ ಏರುತ್ತೆ. ಅದು ಏರಿದ ಮೇಲೆ ಬೀಳೋ ಏಟು ಮಾಮೂಲಿಗಿಂತ ಜೋರು. ಹಿಂದಕ್ಕೆ ಒತ್ತಿ, ಜೊತೆಗೆ ಡಸ್ಟ್ ಅನ್ನೋ ಐದನೇ ಬಟನ್ ಬಿಟ್ಟು ಬೇರೆ ಎರಡು ಬಟನ್ ಒತ್ತಿದರೆ ಫಾಲ್ಟ್‌ಲೆಸ್ ಡಿಫೆನ್ಸ್ ಅನ್ನೋ ಗಟ್ಟಿ ಬ್ಲಾಕ್ ಬರುತ್ತೆ. ಟೆನ್ಷನ್ (ಆಡ್ತಾ ತುಂಬೋ ಶಕ್ತಿಯ ಗೇಜ್) ಸ್ವಲ್ಪ ಖರ್ಚಾಗುತ್ತೆ, ಆದ್ರೆ ಎದುರಾಳಿ ದೂರ ಸರೀತಾನೆ. ಅದನ್ನ ಮೊದಲ ದಿನದಿಂದಲೇ ಕೈಗೆ ರೂಢಿ ಮಾಡ್ಕೊಳ್ಳಿ.

ನನ್ನ ಪ್ರಕಾರ ನಿಜವಾದ ಕೊರತೆ ಗೋಡೆ ಒಡೆಯೋ ವ್ಯವಸ್ಥೆ. ಮೂಲೆಯಲ್ಲಿ ಸಾಕಷ್ಟು ಏಟು ಬಿದ್ರೆ ಎದುರಾಳಿ ಗೋಡೆಗೆ ಅಂಟ್ಕೋತಾನೆ, ಮುಂದಿನ ಏಟಿಗೆ ಗೋಡೆ ಒಡೆದು ಇಬ್ಬರೂ ಹೊಸ ಜಾಗಕ್ಕೆ ಬೀಳ್ತಾರೆ. ಒಡೆದವನಿಗೆ ಪಾಸಿಟಿವ್ ಬೋನಸ್: ಟೆನ್ಷನ್ ಬೇಗ ತುಂಬುತ್ತೆ, ಡ್ಯಾಮೇಜೂ ಏರುತ್ತೆ. ಆದರೆ ಕಷ್ಟಪಟ್ಟು ಮೂಲೆಗೆ ತಳ್ಳಿದ ಜಾಗ ಕೈತಪ್ಪುತ್ತೆ, ಮತ್ತೆ ನಡುಮೈದಾನದಿಂದ ಶುರು. ಇದಕ್ಕೊಂದು ಉಪಾಯ ಇದೆ. ಮಾಮೂಲಿ ಏಟಿನಿಂದ ಒಡೆಯೋ ಬದಲು 50% ಟೆನ್ಷನ್ ಕೊಟ್ಟು ಓವರ್‌ಡ್ರೈವ್ ಅನ್ನೋ ಮಹಾ ಏಟಿನಿಂದ ಒಡೆಯಿರಿ. ಆಗ ಎದುರಾಳಿ ನೆಲಕ್ಕೆ ಬಿದ್ದಿರ್ತಾನೆ, ಅವನು ಏಳೋ ಹೊತ್ತಿಗೆ ನೀವು ಮೇಲೇರಿ ಹೋಗಬಹುದು.

ಕೆಂಪು_ನೇರಳೆ:
ಮೇಲಿನವರು ಹೇಳಿದ್ದು ಸರಿ. ಆದರೆ ಈ ಆಟದ ಜೀವ ಇರುವುದು ರೋಮನ್ ಕ್ಯಾನ್ಸಲ್‌ನಲ್ಲಿ, ಅದರ ಬಗ್ಗೆ ಯಾರೂ ಹೇಳಿಲ್ಲವಲ್ಲ! ಪಿ, ಕೆ, ಎಸ್, ಎಚ್‌ಎಸ್ ಪೈಕಿ ಯಾವುದಾದರೂ ಮೂರು ಒಟ್ಟಿಗೆ ಒತ್ತಿದರೆ 50% ಟೆನ್ಷನ್‌ಗೆ ಮಾಡುತ್ತಿದ್ದ ಕೆಲಸವನ್ನು ಅಲ್ಲೇ ನಿಲ್ಲಿಸಬಹುದು. ಬಣ್ಣವನ್ನು ನೀವು ಆರಿಸುವುದಿಲ್ಲ, ನೀವಿರುವ ಸ್ಥಿತಿಯೇ ಆರಿಸುತ್ತದೆ. ಏಟು ತಗುಲಿದಾಗ ಅಥವಾ ಬ್ಲಾಕ್ ಆದಾಗ ಕೆಂಪು. ಸುಮ್ಮನೆ ನಿಂತಿದ್ದಾಗ, ನಡೆಯುವಾಗ, ನೆಗೆದಾಗ ನೀಲಿ. ಎದುರಾಳಿ ಅತಿ ಹೆಚ್ಚು ನಿಧಾನವಾಗುವುದು ಇದರಲ್ಲೇ. ಬೀಸಿದ ಏಟು ಗಾಳಿಗೆ ಹೋದರೆ ನೇರಳೆ. ಬ್ಲಾಕ್ ಮಾಡುತ್ತಿರುವಾಗ ಹಳದಿ, ಅದು ಮೇಲೆ ಬಿದ್ದವನನ್ನು ನೂಕುತ್ತದೆ.

ತಪ್ಪುವುದು ಹೀಗೆ: ಏಟು ತಗುಲೀತು ಎಂದು ಮೊದಲೇ ಊಹಿಸಿ ಒತ್ತುತ್ತಾರೆ. ಏಟು ತಗುಲಿರುವುದಿಲ್ಲ, ಕೆಂಪಿನ ಬದಲು ನೇರಳೆ ಬರುತ್ತದೆ, ಅರ್ಧ ಟೆನ್ಷನ್ ಹೋಯಿತು. ಆದ್ದರಿಂದ ಆರಂಭದಲ್ಲಿ ನಿಧಾನದ, ಕಣ್ಣಿಗೆ ಕಾಣುವ ಏಟಿನ ಮೇಲೆ ಮಾತ್ರ ಬಳಸಿ. ಎದುರಾಳಿ ಹೊಡೆಯಲು ಹೊರಟಾಗಲೇ ನಿಮ್ಮ ಎಚ್‌ಎಸ್ ತಗುಲಿ ಕೌಂಟರ್ ಆದಾಗ ಆಟವೇ ಕ್ಷಣಕಾಲ ನಿಧಾನವಾಗಿ ಪರದೆ ತುಂಬಾ ಕೌಂಟರ್ ಎಂಬ ದೊಡ್ಡ ಅಕ್ಷರಗಳು ಮೂಡುತ್ತವೆ. ಅಷ್ಟು ಬಿಡುವಿನಲ್ಲಿ ನಿರ್ಧಾರ ಮಾಡಬಹುದು. ಆ ಅಕ್ಷರಗಳು ಕಣ್ಣಿಗೆ ಅಡ್ಡ ಎಂದು ದೂರುವವರಿದ್ದಾರೆ, ಹೊಸಬರಿಗಂತೂ ಅದು ಒಳ್ಳೆಯ ಸೂಚನೆ.

ಪ್ಯಾಡ್‌ನಲ್ಲಿ ಮೂರು ಬಟನ್ ಒಟ್ಟಿಗೆ ಒತ್ತುವುದು ಕಷ್ಟ. ಬಟನ್ ಸೆಟ್ಟಿಂಗ್‌ನಲ್ಲಿ ಒಂದು ಭುಜದ ಬಟನ್‌ಗೆ ರೋಮನ್ ಕ್ಯಾನ್ಸಲ್, ಇನ್ನೊಂದಕ್ಕೆ ಡ್ಯಾಶ್ (ಮುನ್ನುಗ್ಗುವ ಓಟ) ಕೊಡಿ. ಡ್ಯಾಶ್ ಬಟನ್‌ನಿಂದ ಕಿಸ್ಕೆಗೆ ಇನ್ನೊಂದು ಲಾಭವೂ ಇದೆ. ಕೀಬೋರ್ಡಿನ ಅಂಕಿ ಫಲಕದ ಲೆಕ್ಕದಲ್ಲಿ (2 ಕೆಳಗೆ, 3 ಕೆಳಗೆ-ಮುಂದೆ, 6 ಮುಂದೆ) ಕಿಡಿ ಎಸೆಯುವ ಸ್ಟನ್ ಎಡ್ಜ್ 236 ಎಸ್, ಮೇಲಕ್ಕೆ ನೆಗೆದು ಹೊಡೆಯುವ ವೇಪರ್ ಥ್ರಸ್ಟ್ 623 ಎಸ್. ಮುಂದಕ್ಕೆ 6 ಒತ್ತಿ ನಡೆಯುತ್ತಲೇ 236 ತಿರುಗಿಸಿದರೆ ಆಟ ಅದನ್ನು 623 ಎಂದು ಓದುತ್ತದೆ. ಕಿಡಿ ಎಸೆಯಬೇಕಾದವನು ಗಾಳಿಗೆ ನೆಗೆದು, ಇಳಿಯುವಾಗ ಪೂರ್ತಿ ಏಟು ತಿನ್ನುತ್ತಾನೆ. ಬಟನ್‌ನಿಂದ ಡ್ಯಾಶ್ ಮಾಡಿದರೆ ಆ 6 ಬೇಕಾಗುವುದಿಲ್ಲ. ನಡೆದೇ ಬಂದಿದ್ದರೆ ಒಮ್ಮೆ ದಿಕ್ಕಿನ ಬಟನ್ ಪೂರ್ತಿ ಬಿಟ್ಟು ಆಮೇಲೆ ತಿರುಗಿಸಿ.

ಕರಾವಳಿ_ಪಿಂಗ್:
ಆನ್‌ಲೈನ್ ಬಗ್ಗೆ ಹೇಳ್ತೀನಿ. 2021ರ ಜೂನ್‌ನಲ್ಲಿ ಬಂದಾಗಿನಿಂದಲೂ ರೋಲ್‌ಬ್ಯಾಕ್ (ಎದುರಾಳಿಯ ಬಟನ್ ಊಹಿಸಿ ಆಟ ಮುಂದುವರಿಸಿ, ತಪ್ಪಾದ್ರೆ ತಿದ್ದೋ ತಂತ್ರ) ಇದೆ, ಇದರ ಅತಿ ದೊಡ್ಡ ಬಲವೇ ಅದು. ಪಿಂಗ್ 100 ಮಿಲಿಸೆಕೆಂಡ್ ಅಂದ್ರೆ ಎದುರಾಳಿಯ ಕಡೆಗೆ ಸಂದೇಶ ಹೋಗಿ ಬರೋ ಹೊತ್ತು. ಒಂದು ದಿಕ್ಕಿಗೆ 50, ಸೆಕೆಂಡಿಗೆ 60 ಫ್ರೇಮ್ (ಪರದೆ ಮೇಲಿನ ಒಂದೊಂದು ಚಿತ್ರ) ಲೆಕ್ಕದಲ್ಲಿ 3 ಫ್ರೇಮ್. ನಿಮ್ಮ ಬಟನ್‌ಗೆ ಆಟ ಬೇಗ ಸ್ಪಂದಿಸುತ್ತೆ, ಎದುರಾಳಿಯ ಏಟಿನ ಮೊದಲ ಕೆಲವು ಫ್ರೇಮ್ ಮಾತ್ರ ಹಾರಿಹೋದ ಹಾಗೆ ಕಾಣುತ್ತೆ. ಆಗ್ನೇಯ ಏಷ್ಯಾದವರ ಜೊತೆಗೂ ಆರಾಮಾಗಿ ಆಡಬಹುದು. ತೊಂದರೆ ಕೊಡೋದು ಪಿಂಗ್‌ನ ಏರಿಳಿತ. ಸ್ಥಿರವಾದ 110, ವೈಫೈಯಲ್ಲಿ 50ಕ್ಕೂ 150ಕ್ಕೂ ಕುಣಿಯೋ ಪಿಂಗ್‌ಗಿಂತ ಎಷ್ಟೋ ವಾಸಿ. ಲ್ಯಾನ್ ಕೇಬಲ್ ಹಾಕಿ.

ಪಿಸಿ ಬಲ ಕಡಿಮೆ ಇದ್ದರೆ ರೆಸಲ್ಯೂಶನ್ ಇಳಿಸಿ, 60 ಫ್ರೇಮ್ ಮಾತ್ರ ಬಿಟ್ಟುಕೊಡಬೇಡಿ. ಪಾತ್ರಗಳ ಚಲನೆ ಕೈಯಲ್ಲಿ ಬರೆದ ಅನಿಮೆ ಹಾಗೆ ತಡೆತಡೆದು ಕಾಣೋದು ಬೇಕಂತಲೇ ಮಾಡಿದ್ದು. 3ಡಿ ಮಾದರಿಯನ್ನ ಒಂದೊಂದು ಭಂಗಿಯಲ್ಲಿ ಕೆಲವು ಫ್ರೇಮ್ ಹಿಡಿದು ನಿಲ್ಲಿಸ್ತಾರೆ. ಅದನ್ನ ಲ್ಯಾಗ್ ಅಂದ್ಕೊಂಡು ಸೆಟ್ಟಿಂಗ್ ಕೆದಕೋಕೆ ಹೋಗ್ಬೇಡಿ.

ಇನ್ನು ಕೊರತೆ. ಮೊದಲು ಆಟಗಾರರನ್ನ ಮಟ್ಟದ ಪ್ರಕಾರ ವಿಂಗಡಿಸೋ ಟವರ್‌ನಲ್ಲಿ 10 ಮಹಡಿ ಇತ್ತು, ಅದರ ಮೇಲೆ ಸೆಲೆಸ್ಟಿಯಲ್. ಮಹಡಿಗಳು ತೀರಾ ಅಗಲ ಇದ್ವು, 10ನೇದರಲ್ಲಿ ನಿನ್ನೆ ಹತ್ತಿದವನೂ ವರ್ಷಗಟ್ಟಲೆ ಆಡಿದವನೂ ಒಟ್ಟಿಗೇ ಇರ್ತಿದ್ರು. ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ನಡುವೆ ಕ್ರಾಸ್‌ಪ್ಲೇ ಇರೋದ್ರಿಂದ ಜನಕ್ಕೆ ಅಷ್ಟು ಬರ ಇಲ್ಲ.

ಒಬ್ಬರೇ ಆಡೋಕೆ ಅಂತ ತಗೊಂಡ್ರೆ ನಿರಾಸೆ ಆಗುತ್ತೆ. ಸ್ಟೋರಿ ಮೋಡ್ ಅನ್ನೋದು ಗಂಟೆಗಟ್ಟಲೆಯ ಸಿನಿಮಾ, ಅದರಲ್ಲಿ ಒಂದು ಹೊಡೆದಾಟವನ್ನೂ ನೀವು ಆಡೋದಿಲ್ಲ. ಆರ್ಕೇಡ್ ಚಿಕ್ಕದು. ಮಿಷನ್ ಮೋಡ್ ಮಾತ್ರ ಚಿನ್ನ: ಪೊಟೆಮ್ಕಿನ್ ಅನ್ನೋ ಪಾತ್ರದ ಹಿಡಿತ, ಮೇ ಅನ್ನೋಳು ಸವಾರಿ ಮಾಡ್ಕೊಂಡು ನುಗ್ಗೋ ಡಾಲ್ಫಿನ್, ಇಂಥವನ್ನ ಎದುರಿಸೋದು ಹೇಗೆ ಅಂತ ಒಂದೊಂದಾಗಿ ಕಲಿಸುತ್ತೆ. ಮೂಲ ಆಟದಲ್ಲಿ 15 ಪಾತ್ರ, ಆಮೇಲೆ ಪ್ರತಿ ಸೀಸನ್‌ಗೆ ನಾಲ್ಕೈದು ಸೇರಿವೆ, ಅವಕ್ಕೆ ಬೇರೆ ದುಡ್ಡು. ರಿಯಾಯಿತಿ ಬಂದಾಗ ಪಾತ್ರಗಳೂ ಸೇರಿದ ಕಟ್ಟನ್ನೇ ತಗೊಳ್ಳಿ, ಬಿಡಿಬಿಡಿಯಾಗಿ ಕೊಂಡರೆ ದುಬಾರಿ.

ಸೈಡ್‌ಸ್ಟೆಪ್:
ಎಲ್ಲರಿಗೂ ಧನ್ಯವಾದ. ಕೊನೇ ಪ್ರಶ್ನೆ: ಮೇಲಿಂದ ಹಾರಿ ಬರೋರನ್ನ ತಡೆಯೋದು ಹೇಗೆ? ಟೆಕ್ಕನ್‌ನಲ್ಲಿ ಈ ತಲೆನೋವೇ ಇರಲಿಲ್ಲ.

ಫ್ರೇಮ್‌ಲೆಕ್ಕ:
ಮುಂದಕ್ಕೆ ಒತ್ತಿ ಪಿ, ಅಂದ್ರೆ 6ಪಿ. ಅದನ್ನ ಹೊಡೆಯೋವಾಗ ನಿಮಗೆ ಸೊಂಟದಿಂದ ಮೇಲಕ್ಕೆ ಏಟು ತಾಗಲ್ಲ, ಕಾಲಿಗೆ ತಾಗುತ್ತೆ. ಟ್ರೈನಿಂಗ್ ಮೋಡ್‌ನಲ್ಲಿ ಡಮ್ಮಿಗೆ (ಅಭ್ಯಾಸದ ಎದುರಾಳಿಗೆ) ಮೂರು ರೆಕಾರ್ಡಿಂಗ್ ಕೊಡಿ: ಗಾಳಿಯಲ್ಲಿ ಡ್ಯಾಶ್ ಮಾಡಿ ಎಚ್‌ಎಸ್, ನೆಗೆದು ಏನೂ ಹೊಡೆಯದೆ ಇಳಿದು ಥ್ರೋ (ಹಿಡಿದು ಎಸೆಯೋದು), ನೆಲದ ಮೇಲೇ ಓಡಿ ಬಂದು ಕೂತು ಕೆ. ಮೂರನ್ನೂ ಯಾದೃಚ್ಛಿಕವಾಗಿ ಓಡಿಸಿ. ಮೊದಲನೇದಕ್ಕೆ 6ಪಿ, ಎರಡನೇದಕ್ಕೆ ಡಮ್ಮಿ ಇಳಿಯೋ ಹೊತ್ತಿಗೆ ನೆಗೆತ, ಮೂರನೇದಕ್ಕೆ ಕೂತು ಬ್ಲಾಕ್. ಮೂರನೇದಕ್ಕೂ 6ಪಿ ಒತ್ತಿ ಕಾಲಿಗೆ ಏಟು ತಿಂತಿದ್ರೆ ನೀವು ನೋಡದೇ ಒತ್ತುತ್ತಿದ್ದೀರಿ ಅಂತ ಅರ್ಥ. ಆಗ ಮೊದಲನೇ ರೆಕಾರ್ಡಿಂಗನ್ನ ಆಫ್ ಮಾಡಿ, ಮಿಕ್ಕ ಎರಡನ್ನೇ ಅಭ್ಯಾಸ ಮಾಡಿ. ಆ ಎರಡು ಕೈಗೆ ಕೂತ ಮೇಲೆ ಅದನ್ನ ವಾಪಸ್ ಸೇರಿಸಿ.