ಸಹಾಯ ಬೇಕು: ಸ್ಲಾಟ್ ಇದೆ, ಮಂತ್ರ ಇಲ್ಲ! ವಿಝರ್ಡ್-ಕ್ಲೆರಿಕ್ ಗೊಂದಲ

ಎಲ್ಲರಿಗೂ ನಮಸ್ಕಾರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ ಆಡುವ ಟೇಬಲ್ ಆಟ) 5ನೇ ಆವೃತ್ತಿ ಆಡುವವರು ದಯವಿಟ್ಟು ಇದನ್ನು ಬಿಡಿಸಿ ಹೇಳಿ. ನಾವು ಆಡೋದು 2014ರ ನಿಯಮದಲ್ಲಿ.

ನನ್ನ ಪಾತ್ರಕ್ಕೆ ಎರಡು ಕ್ಲಾಸ್ (ಪಾತ್ರದ ವೃತ್ತಿ): ವಿಝರ್ಡ್ (ಮಾಂತ್ರಿಕ) ಲೆವೆಲ್ 3, ಕ್ಲೆರಿಕ್ (ಪುರೋಹಿತ) ಲೆವೆಲ್ 3. ಸ್ಲಾಟ್ (ಒಂದು ಮಂತ್ರ ಹಾಕಲು ಖರ್ಚಾಗುವ ಅವಕಾಶ) ಲೆಕ್ಕಕ್ಕೆ ಎರಡೂ ಕೂಡಿ 6 ಆಗುತ್ತೆ. ಹಾಗಾಗಿ 1ನೇ ಹಂತದ್ದು 4, 2ನೇದು 3, 3ನೇದು 3 ಸ್ಲಾಟ್ ಸಿಕ್ಕಿವೆ. ಆದರೆ ಮಂತ್ರ ಸಿದ್ಧಮಾಡಿಕೊಳ್ಳುವಾಗ ಪ್ರತಿ ಕ್ಲಾಸನ್ನೂ ಬೇರೆ ಬೇರೆಯಾಗಿ ನೋಡಬೇಕಂತೆ. ಅಂದರೆ ಎರಡರಲ್ಲೂ 2ನೇ ಹಂತದ ಮಂತ್ರದವರೆಗೆ ಮಾತ್ರ. ಬರ್ನಿಂಗ್ ಹ್ಯಾಂಡ್ಸ್ ಅನ್ನೋ 1ನೇ ಹಂತದ ಮಂತ್ರವನ್ನು 3ನೇ ಹಂತದ ಸ್ಲಾಟಿನಲ್ಲಿ ಹಾಕಿದರೆ 3ರ ಬದಲು 5 ಡೈಸ್ ಉರುಳಿಸಬಹುದು. ಇಲ್ಲಿವರೆಗೂ ಸರಿ.

ತೊಡಕು ಶುರುವಾಗಿದ್ದು ಕಳೆದ ಆಟದಲ್ಲಿ. ಸತ್ತ ಮಾಂತ್ರಿಕನೊಬ್ಬನ ಪುಸ್ತಕದಲ್ಲಿ 3ನೇ ಹಂತದ ವಿಝರ್ಡ್ ಮಂತ್ರ ಫೈರ್‌ಬಾಲ್ ಸಿಕ್ಕಿತು! ಅದನ್ನು ನನ್ನ ಮಂತ್ರಪುಸ್ತಕಕ್ಕೆ ನಕಲು ಮಾಡೋಕೆ 6 ಗಂಟೆ, 150 ಚಿನ್ನದ ನಾಣ್ಯ. ಎರಡೂ ನನ್ನ ಹತ್ತಿರ ಇವೆ. ಆಟದ ನಿಯಮಪುಸ್ತಕದ ನನ್ನ ಹಳೆ ಮುದ್ರಣದಲ್ಲಿ "ಆ ಹಂತದ ಸ್ಲಾಟ್ ಇದ್ದರೆ ಬರೆದುಕೊಳ್ಳಬಹುದು" ಅನ್ನೋ ಅರ್ಥ ಬರುತ್ತೆ. ಗೆಳೆಯನ ಹೊಸ ಮುದ್ರಣದಲ್ಲಿ "ಆ ಹಂತದ ಮಂತ್ರ ಸಿದ್ಧಮಾಡಿಕೊಳ್ಳಲು ಆಗಬೇಕು" ಅಂತಿದೆ. ತಿದ್ದುಪಡಿಯಾದದ್ದೇ ಲೆಕ್ಕಕ್ಕೆ ಬರಬೇಕು ಅಂತ ನನಗೂ ಅನಿಸುತ್ತೆ. ಆದರೆ ಸುಮ್ನೆ ಬರೆದಿಟ್ಟುಕೊಂಡು, ವಿಝರ್ಡ್ 5 ಆದಮೇಲೆ ಬಳಸಿದರೆ ಆಟ ಕೆಡುತ್ತಾ? ಸತ್ತ ಮಾಂತ್ರಿಕನ ಆ ಪುಸ್ತಕ ಅಷ್ಟು ದಿನ ಹೊತ್ತು ತಿರುಗೋಕೆ ಭಯ, ನಮ್ಮ ಡಿಎಂ (ಆಟ ನಡೆಸುವವರು) ಅದನ್ನು ಸುಡಿಸಿಯೇ ಬಿಡ್ತಾರೆ.

ನಿಮ್ಮ ಟೇಬಲ್‌ನಲ್ಲಿ ಹೇಗೆ ತೀರ್ಮಾನ ಮಾಡಿದ್ದೀರಿ, ಡಿಎಂ ಆಗಿರುವವರು ಕಾರಣದ ಜೊತೆ ಹೇಳಿ. ಭಾನುವಾರ ಮತ್ತೆ ಆಟ ಇದೆ, ಅಷ್ಟರೊಳಗೆ ಉತ್ತರ ಸಿಕ್ಕರೆ ತುಂಬಾ ಉಪಕಾರ.