ಸಮುದ್ರ ದಾಟಿದರು, ಏಣಿ ಹತ್ತಲಾಗಲಿಲ್ಲ

"ಅಲ್ಲ ಮಾರಾಯ್ರೇ, ಆಫ್ರಿಕಾ ಸುತ್ತಿ ಬಂದವರಿಗೆ ಒಂದು ಏಣಿ ನೆಟ್ಟಗೆ ಮಾಡಲಿಕ್ಕೆ ಬರಲಿಲ್ವಾ?" ಅಂದ ಶೀನ. ಅವನಿಗೆ ನಿಜಕ್ಕೂ ಬೇಜಾರಾಗಿತ್ತು.

ಪೋರ್ಚುಗೀಸರೆಂದರೆ ಶೀನನಿಗೆ ಭಾರಿ ಅಭಿಮಾನ. ನಾಲ್ಕು ಹಡಗು, ಹತ್ತು ಫಿರಂಗಿ, ಇಡೀ ಹಿಂದೂ ಮಹಾಸಾಗರ ಜೇಬಿಗೆ ಅನ್ನುವುದು ಅವನ ಲೆಕ್ಕ. ಅದನ್ನೇ ಅರ್ಧ ಗಂಟೆಯಿಂದ ಕೊರೆಯುತ್ತಿದ್ದ. ಗಣಪಯ್ಯ ಮೇಷ್ಟ್ರು ಬನ್ಸ್ ಮುರಿಯುತ್ತಾ, ಮುಖ ಎತ್ತದೆ, "1437ರಲ್ಲಿ ಮೊರಾಕ್ಕೋದ ಟ್ಯಾಂಜಿಯರ್ ಕೋಟೆಗೆ ಏಣಿ ಇಟ್ಟರು. ಗಿಡ್ಡ ಆಯ್ತು. 1513ರಲ್ಲಿ ಯೆಮೆನ್‌ನ ಏಡನ್ ಕೋಟೆಗೆ ಇಟ್ಟರು. ಮುರಿದು ಬಿತ್ತು. ಎಪ್ಪತ್ತಾರು ವರ್ಷದಲ್ಲಿ ಅಷ್ಟು ಸುಧಾರಣೆ" ಅಂದುಬಿಟ್ಟರು.

"ಸುಮ್ನೆ ಹೇಳ್ತೀರಿ."

"ಸುಮ್ನೆ ಯಾಕೆ ಹೇಳಲಿ? ಟ್ಯಾಂಜಿಯರ್‌ಗೆ ದಂಡು ತೆಗೆದುಕೊಂಡು ಹೋದವನು ರಾಜಕುಮಾರ ಹೆನ್ರಿ. ನಾವಿಕ ಹೆನ್ರಿ ಅಂತ ಪಾಠದಲ್ಲಿ ಬರ್ತಾನಲ್ಲ, ಅವನೇ. ಮುತ್ತಿಗೆ ಹಾಕಲು ಹೋದವರನ್ನೇ ಮೊರಾಕ್ಕೋದವರು ಸುತ್ತುವರಿದರು. ಸೆಯುಟಾ ಊರನ್ನು ವಾಪಸ್ ಕೊಡ್ತೇವೆ ಅಂತ ಮಾತು ಕೊಟ್ಟು, ಹೆನ್ರಿ ಸ್ವಂತ ತಮ್ಮನನ್ನೇ ಒತ್ತೆ ಇಟ್ಟು ಮನೆಗೆ ಹೋದ. ಊರು ಕೊಡಲಿಲ್ಲ. ತಮ್ಮ ಫೆರ್ನಾಂದೊ 1443ರಲ್ಲಿ ಫೆಜ್‌ನ ಸೆರೆಮನೆಯಲ್ಲೇ ಸತ್ತ."

"ಮತ್ತೆ ಏಡನ್?"

"ಅಲ್ಲಿ ಇದ್ದದ್ದು ಅಲ್ಬುಕರ್ಕ್. ಗೋವಾ, ಮಲಾಕ್ಕಾ ಗೆದ್ದ ಸಾಕ್ಷಾತ್ ಅಲ್ಬುಕರ್ಕ್. ಗೋಡೆ ಮೇಲೆ ಮೊದಲು ನಾನು ಹತ್ತಬೇಕು ಅಂತ ಎಲ್ಲರಿಗೂ ಆಸೆ. ದೊಡ್ಡ ಮನೆತನದವರು ಬೇರೆ. ಕ್ಯೂ ಅಂತೂ ಇಲ್ಲ. ಕವಚ ಹಾಕಿಕೊಂಡು ಒಬ್ಬರ ಮೇಲೊಬ್ಬರು ಹತ್ತಿದರು. ಏಣಿ ಲಟಕ್ ಅಂತು. ಮೇಲೆ ಹತ್ತಿದವರು ಮೇಲೆ ಉಳಿದರು, ಕೆಳಗಿನವರು ಕೆಳಗೆ ಉಳಿದರು. ಏಡನ್ ಅವನಿಗೆ ಕೊನೆಗೂ ಸಿಗಲಿಲ್ಲ."

ಮಾಬ್ಲಣ್ಣ ನಕ್ಕ. ಅವನದು ಮೀನಿನ ಬೋಟು. ಜೂನ್, ಜುಲೈಯಲ್ಲಿ ಕಡಲಿಗೆ ಇಳಿಸುವ ಹಾಗಿಲ್ಲ. ಹಾಗಾಗಿ ಹೊನ್ನಾವರದ ಈ ಜಗಲಿಯಲ್ಲಿ ಮಳೆಗಾಲವಿಡೀ ಅವನ ಹಾಜರಿ ಖಾಯಂ. "ಹಡಗಿನಲ್ಲಿ ನೂಲೇಣಿ ಹತ್ತುವವರಿಗೆ ಮರದ ಏಣಿ ಕಷ್ಟವೇ ಬಿಡಿ" ಅಂದ.

"ಅದೇ ನಾನು ಹೇಳೋದು" ಅಂದರು ಮೇಷ್ಟ್ರು. "ಕಾಲು ಹಲಗೆ ಮೇಲಿದ್ದರೆ ಗೆಲ್ತಾರೆ. ಮಣ್ಣಿಗಿಳಿದರೆ ಒಬ್ಬರಿಗೊಬ್ಬರು ಜಗಳ ಆಡ್ತಾರೆ."

ಶೀನ ಸೋಲು ಒಪ್ಪುವ ಜಾತಿಯಲ್ಲ. "ಹಾಗಾದರೆ ನೀರಿನದ್ದೇ ಮಾತಾಡಿ. ನೀರಿನ ಮೇಲೆ ಅವರನ್ನು ತಡೆಯುವವರು ಇದ್ರಾ?"

ಇರಲಿಲ್ಲ, ಮೊದಲಿಗಂತೂ. ಕಾರಣ ಹೇಳಿದ್ದು ಮಾಬ್ಲಣ್ಣ. ಆ ಕಾಲಕ್ಕೆ ನಮ್ಮ ಕಡೆಯ ಹಡಗುಗಳ ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿಯುತ್ತಿದ್ದರು. ಸಾಮಾನು ಸಾಗಿಸಲು ಬಹಳ ಒಳ್ಳೆಯದು. ದಡಕ್ಕೆ ತಾಗಿದರೂ ಬಗ್ಗುತ್ತದೆ, ಬೇಗ ಒಡೆಯುವುದಿಲ್ಲ. ಆದರೆ ಅದರ ಮೇಲೆ ದೊಡ್ಡ ಫಿರಂಗಿ ಇಟ್ಟು ಹಾರಿಸಿದರೆ ಶತ್ರುವಿಗಿಂತ ಮೊದಲು ನಮ್ಮ ಹೊಲಿಗೆಯೇ ಬಿಚ್ಚಬೇಕು. ಪೋರ್ಚುಗೀಸರದು ಮೊಳೆ ಹೊಡೆದು ಕಟ್ಟಿದ ಹಡಗು. ಭಾರದ ಫಿರಂಗಿಗಳು ಕೆಳಗೆ, ನೀರಿನ ಮಟ್ಟಕ್ಕೆ ಹತ್ತಿರ. 1500ರಲ್ಲಿ ಕಬ್ರಾಲ್ ಎಂಬ ಕಪ್ತಾನ ಭಾರತಕ್ಕೆ ಹೊರಟಾಗ ರಾಜ ಮ್ಯಾನುಯೆಲ್ ಕೊಟ್ಟ ಸೂಚನೆಯೇ ಹಾಗಿತ್ತು: ಆದಷ್ಟು ಮಟ್ಟಿಗೆ ಹತ್ತಿರ ಹೋಗಿ ಕೈ ಕೈ ಮಿಲಾಯಿಸಬೇಡ, ದೂರದಿಂದ ಗುಂಡು ಹೊಡೆದೇ ಹಾಯಿ ಇಳಿಸುವ ಹಾಗೆ ಮಾಡು. ಹೊಡೆದ ಗುಂಡು ನೀರಿನ ಮೇಲೆ ಕುಪ್ಪಳಿಸಿಕೊಂಡು ಹೋಗಿ ಹಡಗಿನ ಹೊಟ್ಟೆಗೇ ತಾಗಬೇಕು. ಹಾಯಿಗೆ ತೂತು ಬಿದ್ದರೆ ತೇಪೆ ಹಾಕಬಹುದು. ಹೊಟ್ಟೆಗೆ ಬಿದ್ದರೆ ಈಜಬೇಕಷ್ಟೇ.

"ನೋಡಿದ್ರಾ, ತಲೆ!" ಅಂತ ಶೀನ ಎದೆ ಉಬ್ಬಿಸಿದ. ಫಿರಂಗಿಯನ್ನು ಅವನೇ ಎರಕ ಹೊಯ್ದ ಹಾಗೆ.

"ತಲೆ ಇತ್ತು. ಚೌಲ್‌ನಲ್ಲಿ ಆ ತಲೆಗೆ ಏನಾಯ್ತು ಕೇಳು" ಅಂದರು ಮೇಷ್ಟ್ರು.

1508ರ ಮಾರ್ಚ್. ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡನ ಮಗ ಲೊರೆನ್ಸೊ ಕೊಂಕಣ ಕರಾವಳಿಯ ಚೌಲ್ ಬಂದರಿನಲ್ಲಿದ್ದ. ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಹಡಗುಪಡೆ ಬಂತು. ಈ ಮಾಮ್ಲೂಕರದ್ದು ಇನ್ನೊಂದು ಪಾಡು. ಸೂಯೆಜ್ ಕಡೆ ಹಡಗಿಗೆ ಬೇಕಾದ ಮರವೇ ಇಲ್ಲ. ಮೆಡಿಟರೇನಿಯನ್ ಕಡೆಯಿಂದ ಮರ ತಂದು, ಮರುಭೂಮಿಯಲ್ಲಿ ಒಂಟೆ ಮೇಲೆ ಹೇರಿ, ಆಮೇಲೆ ಹಡಗು ಕಟ್ಟಬೇಕು. ಅಷ್ಟು ಕಷ್ಟಪಟ್ಟು ಬಂದವರ ಜೊತೆ ಗುಜರಾತಿನ ಡಿಯು ಬಂದರಿನ ಅಧಿಕಾರಿ ಮಲಿಕ್ ಅಯಾಜ್ ತನ್ನ ಸಣ್ಣ ದೋಣಿಗಳನ್ನು ಸೇರಿಸಿದ. ಲೊರೆನ್ಸೊನ ಹಡಗಿಗೆ ನೀರು ನುಗ್ಗಿತು. ಹೊರಗೆ ದಾಟಿಕೊಳ್ಳೋಣ ಅಂತ ಹೊರಟರೆ, ಅದು ಹೋಗಿ ಮೀನುಗಾರರು ಬಲೆ ಕಟ್ಟಲು ನೆಟ್ಟಿದ್ದ ಗೂಟಗಳಿಗೆ ಸಿಕ್ಕಿಹಾಕಿಕೊಂಡಿತು.

ಮಾಬ್ಲಣ್ಣ ಎದ್ದೇ ನಿಂತ. "ನಮ್ಮವರ ಗೂಟ! ಅದನ್ನು ಮೊದಲು ಹೇಳೋದಲ್ವಾ?"

"ಕೂರೋ. ಹುಡುಗ ಪಾಪ ಧೈರ್ಯವಂತ. ಗುಂಡು ತಾಗಿ ಕಾಲು ಹೋಯ್ತು. ದೊಡ್ಡ ಕಂಬದ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಹುಕುಂ ಕೊಡ್ತಾ ಇದ್ದ. ಮತ್ತೊಂದು ಗುಂಡಿಗೆ ಸತ್ತ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಾಬ್ಲಣ್ಣ ಕೂಡ ಕೂತ.

ಮಗನ ಸುದ್ದಿ ಕೇಳಿ ಅಲ್ಮೇಡ ಹೇಳಿದ ಮಾತನ್ನು ಅವರ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಕೋಳಿಮರಿ ತಿಂದವನು ಹುಂಜವನ್ನೂ ತಿನ್ನಬೇಕು, ಇಲ್ಲವಾದರೆ ಅದರ ಬೆಲೆ ಕಟ್ಟಬೇಕು. ಅಷ್ಟು ಹೊತ್ತಿಗೆ ಅಲ್ಬುಕರ್ಕ್ ರಾಜನ ಪತ್ರ ಹಿಡಿದು ಬಂದ. ಇನ್ನು ಅಧಿಕಾರ ನನ್ನದು, ಬೀಗದ ಕೈ ಕೊಡಿ ಅಂದ. ಅಲ್ಮೇಡ ಕೊಡಲಿಲ್ಲ. ಮೊದಲು ಹುಂಜದ ಲೆಕ್ಕ ಮುಗಿಯಲಿ ಅಂತ ಡಿಯುಗೆ ಹೊರಟೇಬಿಟ್ಟ.

1509ರ ಫೆಬ್ರವರಿ 3. ಮಾಮ್ಲೂಕರು, ಗುಜರಾತಿನವರು, ಕಲ್ಲಿಕೋಟೆಯವರು ಎಲ್ಲ ಒಟ್ಟಿಗಿದ್ದರು. ಆದರೆ ಕೋಟೆಯ ಫಿರಂಗಿ ಕಾಯುತ್ತದೆ ಅಂತ ಬಂದರಿನೊಳಗೇ ಲಂಗರು ಹಾಕಿ ನಿಂತರು. ನಿಂತ ಹಡಗು ಅಂದರೆ ಪೋರ್ಚುಗೀಸ್ ಫಿರಂಗಿಯವನಿಗೆ ಹಬ್ಬ. ದಿನ ಮುಗಿಯುವಷ್ಟರಲ್ಲಿ ಕಥೆ ಮುಗಿದಿತ್ತು. ನನಗೆ ಇದರಲ್ಲಿ ಎಲ್ಲರಿಗಿಂತ ಇಷ್ಟವಾಗುವವನು ಮಲಿಕ್ ಅಯಾಜ್. ಚೌಲ್‌ನಲ್ಲಿ ಹಿಡಿದಿದ್ದ ಸೆರೆಯಾಳುಗಳನ್ನು ಚೆನ್ನಾಗಿ ಊಟ ಹಾಕಿ ಇಟ್ಟುಕೊಂಡಿದ್ದ. ಸೋಲು ಖಚಿತವಾದ ಕೂಡಲೇ ಒಳ್ಳೆ ಬಟ್ಟೆ ತೊಡಿಸಿ ವಾಪಸ್ ಕೊಟ್ಟ, ಸಂಧಿ ಮಾಡಿಕೊಂಡ, ತನ್ನ ಊರು ಉಳಿಸಿಕೊಂಡ. ಎರಡೂ ಕಡೆ ಗೆದ್ದವನು ಅವನೊಬ್ಬನೇ.

"ಅಲ್ಮೇಡನೂ ಗೆದ್ದನಲ್ಲ!" ಅಂದ ಶೀನ.

"ಗೆದ್ದು ಬಂದು ಅಲ್ಬುಕರ್ಕ್‌ನನ್ನು ಕಣ್ಣಾನೂರಿನಲ್ಲಿ ಕೂಡಿಹಾಕಿದ. ಆಮೇಲೆ ಊರಿನಿಂದ ದೊಡ್ಡವರು ಬಂದು ಬಿಡಿಸಬೇಕಾಯ್ತು. ಅಲ್ಮೇಡ ಮನೆಗೆ ಹೊರಟ. ದಾರಿಯಲ್ಲಿ, 1510ರ ಮಾರ್ಚ್ 1ಕ್ಕೆ, ಗುಡ್ ಹೋಪ್ ಭೂಶಿರದ ಹತ್ತಿರ ನೀರಿಗೆಂದು ಇಳಿದರು. ಅಲ್ಲಿನ ಖೋಯಿಖೋಯಿ ಜನರ ದನದ ವಿಷಯಕ್ಕೆ ತಗಾದೆ. ಆ ಜನ ಸಿಳ್ಳೆ ಹಾಕಿದರೆ ದನ ಬರ್ತಿದ್ದವು. ದನಗಳನ್ನೇ ಅಡ್ಡ ಮಾಡಿಕೊಂಡು ಕಲ್ಲು, ಭರ್ಜಿ ಎಸೆದರು. ಅಲ್ಮೇಡ ಸತ್ತ, ಜೊತೆಗೆ ಅರವತ್ತಕ್ಕೂ ಹೆಚ್ಚು ಜನ. ಸುಲ್ತಾನರ ಹಡಗುಪಡೆ ಮುಳುಗಿಸಿದವನು ದನಕಾಯುವವರ ಕೈಯಲ್ಲಿ ಹೋದ. ಯಾಕೆ? ಮಣ್ಣಿಗಿಳಿದ."

ಶೀನ ಚಹಾ ಕುಡಿಯುವ ನೆಪ ಮಾಡಿದ.

ಅದೇ ವರ್ಷದ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ನಡೆದದ್ದಂತೂ ನಾಟಕದವರಿಗೇ ಹೇಳಿ ಮಾಡಿಸಿದ್ದು. ಅಲ್ಬುಕರ್ಕ್‌ನನ್ನು ಬಿಡಿಸಲು ಬಂದ ಆ ದೊಡ್ಡವನು ಮಾರ್ಷಲ್ ಫೆರ್ನಾಂದೊ ಕೊಟಿನ್ಯೊ, ಅವನ ನೆಂಟನೇ. ಕಲ್ಲಿಕೋಟೆ ಹಾಳು ಮಾಡಿ ಬನ್ನಿ ಅಂತ ರಾಜನ ಹುಕುಂ. ಅಲ್ಲಿನ ರಾಜ ಸಾಮೂದಿರಿ ಊರಲ್ಲಿ ಇರಲಿಲ್ಲ. ಸಮುದ್ರ ದಂಡೆಯಲ್ಲಿ ಅವನದೊಂದು ಮಂಟಪ, ಅದಕ್ಕೆ ಚಂದದ ಕೆತ್ತನೆ ಬಾಗಿಲು. ಅಲ್ಬುಕರ್ಕ್‌ನ ಜನ ಮೊದಲು ಇಳಿದು ಮಂಟಪ ಹಿಡಿದರು, ಬಾಗಿಲು ಕಿತ್ತರು. ಮಾರ್ಷಲ್‌ಗೆ ಉರಿಯಿತು. ಮೊದಲ ಮರ್ಯಾದೆ ನನ್ನದಾಗಬೇಕಿತ್ತು, ನೀನು ಕದ್ದೆ ಅಂದ. ಶಿರಸ್ತ್ರಾಣ ತೆಗೆದು, ತಲೆಗೊಂದು ಟೋಪಿ, ಕೈಗೊಂದು ಬೆತ್ತ ಹಿಡಿದು, ಇವರನ್ನು ಹೊಡೆಯಲು ಇಷ್ಟು ಸಾಕು ಅಂತ ಅರಮನೆಗೆ ನಡೆದ.

"ಬೆತ್ತ?" ಅಂದೆ ನಾನು. "ಮೇಷ್ಟ್ರೇ, ನಿಮ್ಮವನೇ."

"ನನ್ನ ಬೆತ್ತಕ್ಕೆ ಹುಡುಗರಾದರೂ ಹೆದರ್ತಿದ್ದರು. ಅವನದಕ್ಕೆ ಯಾರೂ ಹೆದರಲಿಲ್ಲ. ಅರಮನೆ ಸಿಕ್ಕಿತು, ಸೈನಿಕರು ಲೂಟಿಗೆ ಬಿದ್ದರು. ಗಂಟುಮೂಟೆ ಹೊತ್ತುಕೊಂಡವನು ಕತ್ತಿ ಎಲ್ಲಿ ಹಿಡೀತಾನೆ? ಬರುವಾಗ ಇಕ್ಕಟ್ಟಿನ ಓಣಿ, ಎರಡೂ ಕಡೆ ಎತ್ತರದ ದಿಬ್ಬ. ನಾಯರ್‌ಗಳು ಮೇಲಿಂದ ಬಿದ್ದರು. ಮಾರ್ಷಲ್ ಅಲ್ಲೇ ಸತ್ತ. ಅಲ್ಬುಕರ್ಕ್‌ನನ್ನು ಗುರಾಣಿ ಮೇಲೆ ಹೊತ್ತು ದೋಣಿಗೆ ಹಾಕಿದರು."

"ಮತ್ತೆ ಗೋವಾ? ಅದು ಮಣ್ಣಲ್ವಾ? ಮಲಾಕ್ಕಾ ಮಣ್ಣಲ್ವಾ?" ಶೀನನ ಕೊನೆಯ ಬಾಣ.

ನ್ಯಾಯವಾದ ಪ್ರಶ್ನೆ. ಆದರೆ ಮಲಾಕ್ಕಾದಲ್ಲಿ ಕೂಡ ಅವರ ಉಪಾಯ ನೀರಿನದ್ದೇ. 1511ರಲ್ಲಿ ಊರ ನಡುವಿನ ನದಿಯ ಸೇತುವೆಯೇ ಎಲ್ಲದಕ್ಕೂ ಕೀಲಿ. ಒಂದು ಎತ್ತರದ ಜಂಕ್ ಹಡಗನ್ನು ತಂದರು. ಅದು ಮರಳಿಗೆ ಹತ್ತಿ ಕೂತಿತು. ಉಬ್ಬರ ಬರುವ ತನಕ ಕಾದರು. ನೀರು ಏರಿತು, ಹಡಗು ಸೇತುವೆಗೆ ತಾಗಿತು, ಮೇಲಿಂದ ಹೊಡೆದರು. ಉಬ್ಬರ ಇಳಿತ ಗೊತ್ತಿದ್ದವನ ಯುದ್ಧ ಅದು.

ಗೋವಾದ ಕಥೆಗೆ ನಮ್ಮ ಹೊನ್ನಾವರದವನೇ ಬೇಕಾಯಿತು. ಪೋರ್ಚುಗೀಸರು ತಿಮೋಜ ಅಂತ ಬರೆದದ್ದು ಯಾರನ್ನು ಗೊತ್ತಾ? ಇಲ್ಲಿನ ತಿಮ್ಮಯ್ಯನನ್ನು. ಹಡಗುಪಡೆ ಕಟ್ಟಿಕೊಂಡ ಕಡಲ್ಗಳ್ಳ ಅಂತ ಕೆಲವರು, ವಿಜಯನಗರದ ಕಡೆಯ ನಾಯಕ ಅಂತ ಕೆಲವರು. ಎರಡೂ ಇದ್ದಿರಬಹುದು, ಆ ಕಾಲಕ್ಕೆ ದೊಡ್ಡ ವ್ಯತ್ಯಾಸ ಏನಿರಲಿಲ್ಲ. 1505ರಲ್ಲಿ ಅಲ್ಮೇಡ ಇದೇ ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ ಇಟ್ಟಿದ್ದ. ಐದು ವರ್ಷಕ್ಕೆ ತಿಮ್ಮಯ್ಯ ಅವರ ದೋಸ್ತ್. ಅಲ್ಬುಕರ್ಕ್ ಕೆಂಪು ಸಮುದ್ರಕ್ಕೆ ಹೊರಟಿದ್ದ. ಅಷ್ಟು ದೂರ ಯಾಕೆ, ಗೋವಾದಲ್ಲಿ ಜನ ಆದಿಲ್ ಶಾಹಿ ತೆರಿಗೆಗೆ ಬೇಸತ್ತಿದ್ದಾರೆ, ಇದೇ ಸಮಯ ಅಂತ ತಿರುಗಿಸಿದವನು ತಿಮ್ಮಯ್ಯ. ಕಾಳಿ ನದಿಯ ಬಾಯಲ್ಲಿ, ಕಾರವಾರದ ಪಕ್ಕದ ಚಿತ್ತಾಕುಲದ ಕೋಟೆಯನ್ನೂ ಹಿಡಿದುಕೊಟ್ಟ. ಗೋವಾ ಸಲೀಸಾಗಿ ಸಿಕ್ಕಿತು. ಮೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಬಂತು, ಅಷ್ಟೇ ಸಲೀಸಾಗಿ ಕೈಬಿಟ್ಟಿತು.

"ಆಮೇಲೆ ಹಡಗು ಹತ್ತಿ ಓಡಿದರು" ಅಂದರು ಮೇಷ್ಟ್ರು.

"ಎಲ್ಲಿಗೆ ಓಡ್ತಾರೆ?" ಮಾಬ್ಲಣ್ಣ ಗಹಗಹಿಸಿದ. "ಮೇ ಕಳೀತು. ಮಾಂಡವಿಯ ಅಳಿವೆ ದಾಟಲಿಕ್ಕೆ ಆಗ್ತದಾ? ಈಗ ಎಂಜಿನ್ ಇರುವ ಬೋಟೇ ದಾಟುವುದಿಲ್ಲ!"

ದಾಟಲಾಗಲಿಲ್ಲ. ಆಗಸ್ಟ್ ತನಕ ನದಿಯಲ್ಲೇ ಸಿಕ್ಕಿಬಿದ್ದರು. ಹೊರಗೆ ಕಡಲು, ದಡದಲ್ಲಿ ಶತ್ರು, ಮೇಲೆ ಮಳೆ. ಇಲಿ ತಿಂದರು. ಪೆಟ್ಟಿಗೆಗೆ ಹೊದಿಸಿದ ಚರ್ಮ ಬೇಯಿಸಿ ತಿಂದರು. ಆದಿಲ್ ಶಾಹಿ ಕಡೆಯವರು ಊಟ ಕಳಿಸಿದಾಗ ಅಲ್ಬುಕರ್ಕ್ ಉಳಿದಿದ್ದ ಒಂದಿಷ್ಟು ವೈನು, ಬಿಸ್ಕತ್ತನ್ನು ದೂತನ ಕಣ್ಣಿಗೆ ಬೀಳುವ ಹಾಗೆ ಇಡಿಸಿದನಂತೆ, ನಮಗೇನೂ ಕಡಿಮೆ ಇಲ್ಲ ಅಂತ. ಹೊಟ್ಟೆಯಲ್ಲಿ ಇಲಿ, ಮುಖದಲ್ಲಿ ಜಂಬ. ನೆಂಟರ ಮುಂದೆ ಮರ್ಯಾದೆ ಉಳಿಸಿಕೊಳ್ಳುವ ಈ ವಿದ್ಯೆ ಮಾತ್ರ ನಮಗೂ ಅವರಿಗೂ ಒಂದೇ.

ನವೆಂಬರ್ 25ಕ್ಕೆ ಮತ್ತೆ ಬಂದು ಗೆದ್ದರು. ಆಮೇಲಿನ ನಾಲ್ಕು ದಿನ ಊರಿನ ಮುಸ್ಲಿಮರನ್ನು ಹೆಂಗಸರು ಮಕ್ಕಳೆನ್ನದೆ ಕೊಂದರು. ಅಲ್ಬುಕರ್ಕ್ ಅದನ್ನು ತಾನೇ ರಾಜನಿಗೆ ಹೆಮ್ಮೆಯಿಂದ ಬರೆದ. ಶೀನನೂ ಇಲ್ಲಿ ತಲೆ ತಗ್ಗಿಸಿದ. ಅವನ ಅಭಿಮಾನಕ್ಕೂ ಒಂದು ಗಡಿ ಇದೆ.

ಮಾತು ಬದಲಿಸಲೆಂದು ನಾನು ರಾಯಚೂರು ತೆಗೆದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನೊಬ್ಬ 20 ಜನ ಕೋವಿಯವರೊಂದಿಗೆ ಅಲ್ಲಿದ್ದ. ಬಂದದ್ದು ಕುದುರೆ ಮಾರಲು. ಗೋಡೆ ಮೇಲೆ ಯಾರು ತಲೆ ಎತ್ತಿದರೂ ಇವರು ಹೊಡೆಯುವುದು, ಕೆಳಗೆ ರಾಯರ ಆಳುಗಳು ನಿರಾಳವಾಗಿ ಕಲ್ಲು ಕೀಳುವುದು. ಏನಾಯಿತು ನೋಡೋಣ ಅಂತ ಕೋಟೆಯ ಮುಖ್ಯಸ್ಥನೇ ಬಗ್ಗಿದ. ಗುಂಡು ಹಣೆಯ ನಡುವಿಗೆ ಬಿತ್ತು. ಮರುದಿನ ಕೋಟೆ ಶರಣಾಯಿತು. ಇದನ್ನೆಲ್ಲ ಬರೆದವನು ಕುದುರೆ ವ್ಯಾಪಾರಿ ನೂನಿಜ್.

"ಕೇಳಿದ್ರಾ? ಮಣ್ಣು!" ಶೀನ ಕುಣಿದ. "ರಾಯಚೂರಿಗೂ ಸಮುದ್ರಕ್ಕೂ ಏನು ಸಂಬಂಧ?"

"ಸಂಬಂಧ ಇಲ್ಲ. ಏಣಿಯೂ ಇರಲಿಲ್ಲ, ಅದಕ್ಕೆ ಗೆದ್ದರು" ಅಂದರು ಮೇಷ್ಟ್ರು.

ಕೊನೆಗೆ ದುಡ್ಡಿನ ಮಾತು ಬಂತು. ಅರಬ್ಬಿ ಸಮುದ್ರದಲ್ಲಿ ಯಾರ ಹಡಗು ಹೋಗಬೇಕಾದರೂ ಇವರಿಂದ ಕಾರ್ತಾಜ್ ಎಂಬ ಚೀಟಿ ಪಡೆಯಬೇಕು. ಇಲ್ಲದಿದ್ದರೆ ಹಡಗು ಅವರದು. ಅಕ್ಬರ್ ಬಾದಶಹನ ಮನೆಯವರು ಹಜ್‌ಗೆ ಹೊರಟಾಗಲೂ ಚೀಟಿ ಬೇಕಾಯಿತು. ಇಷ್ಟು ವಸೂಲಿ ಮಾಡಿದವರು ಎಷ್ಟು ಶ್ರೀಮಂತರಾಗಿರಬೇಕು, ಅಲ್ವಾ? 1546ರಲ್ಲಿ ಡಿಯು ಕೋಟೆ ದೊಡ್ಡ ಮುತ್ತಿಗೆಯಿಂದ ಬಚಾವಾಯಿತು, ಆದರೆ ಗೋಡೆಗಳೆಲ್ಲ ಪುಡಿ. ಗವರ್ನರ್ ಜುವಾವ್ ದ ಕಾಸ್ತ್ರೊನ ಬಳಿ ಕಟ್ಟಿಸಲು ಕಾಸಿಲ್ಲ. ಗೋವಾದ ನಗರಸಭೆಗೆ 20,000 ಪರ್ದಾವ್ ನಾಣ್ಯ ಸಾಲ ಕೇಳಿ ಪತ್ರ ಬರೆದ. ಮುತ್ತಿಗೆಯಲ್ಲಿ ಸತ್ತ ಮಗನ ಮೂಳೆಗಳನ್ನೇ ಅಡವಿಡಬೇಕೆಂದಿದ್ದೆ, ತೆಗೆಯುವ ಸ್ಥಿತಿಯಲ್ಲಿ ಇಲ್ಲ, ಅದಕ್ಕೆ ಇದು ಅಂತ ತನ್ನ ಗಡ್ಡದ ಕೂದಲು ಕಳಿಸಿದ.

"ಗಡ್ಡ?" ಶೀನ ತನ್ನ ಗಡ್ಡ ಹಿಡಿದುಕೊಂಡ. "ಕೊಟ್ಟರಾ?"

"ಕೊಟ್ಟರು. ಹಣವನ್ನೂ ಕಳಿಸಿದರು, ಗಡ್ಡವನ್ನೂ ವಾಪಸ್ ಕಳಿಸಿದರು."

"ಬಡ್ಡಿ ಎಷ್ಟಂತೆ?" ಅಂತ ಮಾಬ್ಲಣ್ಣ ಮುಂದೆ ಬಾಗಿದ. ಅವನಿಗೆ ಯುದ್ಧದ ಮಾತಿಗಿಂತ ಇದೇ ಮುಖ್ಯವಾಗಿತ್ತು. "ನನ್ನ ಎಂಜಿನ್ ಸಾಲಕ್ಕೆ ಇಬ್ಬರ ಜಾಮೀನು ಕೇಳಿದ್ದಾರೆ. ಶೀನನ ಗಡ್ಡ ಹೇಗೂ ಇದೆ. ಮೇಷ್ಟ್ರೇ, ಇನ್ನೊಬ್ಬರು ನೀವಾಗಿ."

ಮೇಷ್ಟ್ರು ನುಣ್ಣಗೆ ಬೋಳಿಸಿದ ಗಲ್ಲ ಸವರಿಕೊಂಡು, ಚಹಾದ ದುಡ್ಡು ನಾನೇ ಕೊಡ್ತೇನೆ ಅಂತ ಬೇಗ ಬೇಗ ಎದ್ದರು.